ನೆತ್ತಿಯಿಲ್ಲದ ಆನೆ

ನಂಜನಗೂಡಿನವರಾದ ನಮಗೆ ಆನೆಯ ವಿಷಯದಲ್ಲಿ ತುಸು ಜಂಬ ಜಾಸ್ತಿ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಹೋದ ಕಣ್ಣು ಬರಿಸಿದವನು ನಮ್ಮ ಶ್ರೀಕಂಠೇಶ್ವರ; ಅದಕ್ಕೇ ಸುಲ್ತಾನ ಪಚ್ಚೆಲಿಂಗ ಒಪ್ಪಿಸಿ, ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬುದು ಊರಿನ ಕತೆ. ಆನೆಗೆ ಕಣ್ಣಿನ ಡಾಕ್ಟರಾದ ದೇವರು ಬೇರಾವ ತಾಲ್ಲೂಕಿನಲ್ಲಿದ್ದಾನೆ? ನನ್ನ ಅಜ್ಜಿಯ ತವರು ಟಿ. ನರಸೀಪುರ. ಅವಳ ಜಂಬವೇ ಬೇರೆ. ‘ಸೋಮನಾಥಪುರದ ಗುಡಿ ಬುಡದಲ್ಲಿ ಸುತ್ತಲೂ ಸಾಲುಗಟ್ಟಿರೋ ಆನೆಗಳು ನಿಮ್ಮೂರಲ್ಲಿ ಅವೆಯೇನ್ಲಾ?’ ಅನ್ನುತ್ತಿದ್ದಳು. 13ನೇ ಶತಮಾನದಿಂದ ಹೊಯ್ಸಳರ ಗುಡಿ ಹೊತ್ತಿದ್ದರೂ ಅವುಗಳಲ್ಲಿ ಒಂದಾದರೂ ಗೊಣಗಿದ್ದಿಲ್ಲವಂತೆ. ಹಾಗೆ ನೋಡಿದರೆ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನಲ್ಲಿ ಆನೆಗಳು ಮಿಂದ ನೀರೇ ನಂಜನಗೂಡು ಹಾದು ನರಸೀಪುರದಲ್ಲಿ ಕಾವೇರಿ ಸೇರುವುದು. ಎರಡೂ ಊರಿನವರು ಒಂದೇ ಆನೆಯ ತೀರ್ಥ ಕುಡಿದವರು.

ಇಂಥ ಅಜ್ಜಿಯನ್ನು ಮೈಸೂರು ಮೃಗಾಲಯಕ್ಕೆ ಕರೆದೊಯ್ದು ಆಫ್ರಿಕಾದ ಆನೆಯ ಮುಂದೆ ನಿಲ್ಲಿಸಿದ್ದು ನನ್ನ ಸೋದರಮಾವ. ಹೆಣ್ಣು ನೋಡಲು ಹೋದವರ ಹಾಗೆ ಅಜ್ಜಿ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ಕಿವಿಯೇನೋ ದೊಡ್ಡದಾಗದೆ. ನೆತ್ತಿಯೇ ಇಲ್ವಲ್ಲೋ ಇದಕ್ಕೆ!’

ಅಜ್ಜಿಯ ಕಣ್ಣು ಚುರುಕು. ನಮ್ಮ ಆನೆಗೆ ತಲೆಯ ಮೇಲೆ ಉಬ್ಬಿದ ಜೋಡಿ ಕುಂಭಸ್ಥಳ. ನಿಂತಾಗ ಎಲ್ಲಕ್ಕಿಂತ ಎತ್ತರ ಅದೇ. ಆಫ್ರಿಕಾದ್ದಕ್ಕೆ ಹಣೆ ಹಿಂದಕ್ಕೆ ಇಳಿಜಾರು, ಎತ್ತರವೆಲ್ಲ ಹೆಗಲಿನಲ್ಲಿ. ನಮ್ಮದರ ಬೆನ್ನು ಉಬ್ಬಿದ್ದರೆ ಅದರದ್ದು ನಡುವೆ ತಗ್ಗು. ಈ ತಗ್ಗೇ ಜಗಳಕ್ಕೆ ಕಾರಣವಾಯಿತು.

‘ಇದರ ಮೇಲೆ ಅಂಬಾರಿ ಎಲ್ಲಿ ಕೂರಿಸ್ತಾರೋ?’ ಅಂದಳು ಅಜ್ಜಿ.

‘ತಗ್ಗಿದ್ರೇ ಕಣವ್ವ, ಲೋಡು ಅಲ್ಲಾಡದೆ ಕೂರೋದು,’ ಅಂದ ಮಾವ. ಕಬ್ಬಿನ ಲೋಡು ಕಟ್ಟಿ ಪಳಗಿದವನು. ನಮ್ದಾ ಹಾಸಿ, ಗಾದಿ ಬಿಗಿದು, 750 ಕೆ.ಜಿ. ಅಂಬಾರಿ ಏರಿಸಿ, ತಾಯಿ ಮಗ ಇಬ್ಬರೂ ಆ ಪರದೇಶಿಯನ್ನು ಬಾಯಿಮಾತಿನಲ್ಲೇ ಬನ್ನಿಮಂಟಪ ಮುಟ್ಟಿಸುವಷ್ಟರಲ್ಲಿ ಗೇಟು ಮುಚ್ಚುವ ಸೀಟಿ ಊದಿದರು.

ನನ್ನ ಕಣ್ಣು ಸೊಂಡಿಲ ತುದಿಯ ಮೇಲಿತ್ತು. ದೇವಸ್ಥಾನದ ಆನೆಯ ಸೊಂಡಿಲು ಚಿಕ್ಕಂದಿನಲ್ಲಿ ಅಂಗೈಗೆ ತಾಕಿದ ಒದ್ದೆ ಬಿಸಿಯುಸಿರು ಇನ್ನೂ ನೆನಪಿದೆ. ಅದರ ತುದಿಗೆ ಮೇಲ್ಗಡೆ ಬೆರಳಿನಂಥ ಒಂದೇ ಮೊನೆ. ಅದರಲ್ಲಿ ನಾಣ್ಯ ಅದುಮಿ ಎತ್ತಿ ಮಾವುತನಿಗೆ. ರಸಬಾಳೆಯನ್ನು ಸುತ್ತಿ ತನ್ನ ಬಾಯಿಗೆ. ಹಂಚಿಕೆಯಲ್ಲಿ ಒಮ್ಮೆಯೂ ಎಡವಟ್ಟಿಲ್ಲ. ಆಫ್ರಿಕಾದ್ದಕ್ಕೆ ಮೊನೆ ಎರಡು, ಮೇಲೊಂದು ಕೆಳಗೊಂದು. ಒಂದೇ ಒಂದು ಹುಲ್ಲೆಸಳನ್ನು ಎರಡರ ನಡುವೆ ಚಿವುಟಿ ಹಿಡಿದು, ಮಣ್ಣು ಕೊಡವಿ, ಯಾವ ಅವಸರವೂ ಇಲ್ಲದೆ ಬಾಯಿಗಿಟ್ಟುಕೊಂಡಿತು.

ಅಲ್ಲಿ ಹೆಣ್ಣಾನೆಗೂ ದಂತವಿರುತ್ತದೆ ಎಂದಾಗ ಮಾತ್ರ ಅಜ್ಜಿ ಆ ಸೀಮೆಗೆ ಸ್ವಲ್ಪ ಮರ್ಯಾದೆ ಕೊಟ್ಟಳು. ನಮ್ಮ ಹೆಣ್ಣಾನೆಗಳಿಗೆ ಎದ್ದು ಕಾಣುವ ದಂತವಿಲ್ಲ. ಗಂಡಿನಲ್ಲೂ ದಂತವಿಲ್ಲದ ಮಕ್ನಾಗಳುಂಟು. ಆಫ್ರಿಕಾದಲ್ಲೇ ಎರಡು ಜಾತಿ: ಬಯಲಿನದು, ಕಾಡಿನದು. ಕಾಡಿನದು ಗಿಡ್ಡ, ಕಿವಿ ದುಂಡಗೆ, ದಂತ ನೆಟ್ಟಗೆ. ಐಯುಸಿಎನ್‌ನವರು 2021ರಲ್ಲಿ ಇವೆರಡನ್ನೂ ಮೊದಲ ಸಲ ಬೇರೆ ಬೇರೆ ಎಣಿಸಿ, ಕಾಡಿನದು ಅಳಿವಿನ ತೀರಾ ಅಂಚಿಗೆ ಬಂದಿದೆ ಎಂದರು. ನಮ್ಮ ಆನೆಗೆ ಇವೆರಡಕ್ಕಿಂತ ಹತ್ತಿರದ ನೆಂಟ, ಎಂದೋ ಅಳಿದುಹೋದ ಮ್ಯಾಮತ್.

1978ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಆಫ್ರಿಕಾದ ಗಂಡಿಗೂ ಏಷ್ಯಾದ ಹೆಣ್ಣಿಗೂ ಒಂದು ಮರಿ ಹುಟ್ಟಿತ್ತು. ಮೊಟ್ಟಿ ಅಂತ ಹೆಸರು. ಎರಡು ವಾರ ತುಂಬುವ ಮೊದಲೇ ತೀರಿಕೊಂಡಿತು. ಇದನ್ನು ಎಲ್ಲೋ ಓದಿ ಬಂದು ಹೇಳಿದಾಗ ಅಜ್ಜಿ ಮೊರದಲ್ಲಿದ್ದ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದ್ದು ಒಂದೇ: ‘ಬಾಣಂತನ ಯಾರು ಮಾಡಿದ್ರಂತೆ?’ ಅಜ್ಜಿ ಈಗಿಲ್ಲ. ಅಂಥ ಪ್ರಶ್ನೆ ಕೇಳುವವರೂ ಮನೆಯಲ್ಲಿ ಉಳಿದಿಲ್ಲ.

ಮಾವ ಇದ್ದಾನೆ. ಹೆಡಿಯಾಲದ ಕಡೆ, ಕಾಡಿನ ಅಂಚಿನಲ್ಲಿ ಅವನ ಜಮೀನು. ಕುಂಭಸ್ಥಳ, ಬೆನ್ನು, ದಂತದ ವಿಚಾರ ಈಗ ಅವನಿಗೆ ಬೇಡ. ರಾತ್ರಿ ಕಂದಕ ದಾಟಿ ಬಂದದ್ದು ಕಬ್ಬಿನಲ್ಲಿ ಎಷ್ಟು ಸಾಲು ಬಿಟ್ಟಿತು ಅನ್ನುವುದಷ್ಟೇ ಬೇಕು. ಪರಿಹಾರದ ಅರ್ಜಿ ಬರೆದುಕೊಡುವವನು ನಾನು. ಹೋದ ಸಲ ಅವನೇ ಕೇಳಿದ, ‘ಆ ಆಫ್ರಿಕಾದವೂ ಹಿಂಗೇ ಬೆಳೆ ತಿಂತವಾ?’

ತಿನ್ನುತ್ತವೆ, ಅಲ್ಲಿ ಮುಸುಕಿನ ಜೋಳಕ್ಕೆ ನುಗ್ಗುತ್ತವೆ, ಅಂದೆ. ಕೀನ್ಯಾದ ರೈತರು ಹೊಲದ ಸುತ್ತ ತಂತಿಗೆ ಜೇನುಪೆಟ್ಟಿಗೆ ತೂಗುಹಾಕುತ್ತಾರೆ, ಆನೆ ತಂತಿ ಮುಟ್ಟಿದರೆ ಜೇನು ಏಳುತ್ತದೆ. 2021ರಲ್ಲಿ ಖಾದಿ ಆಯೋಗದವರು ಕೊಡಗಿನಲ್ಲೂ ಜೇನುಪೆಟ್ಟಿಗೆ ಇಟ್ಟು ನೋಡಿದರು, ನಮ್ಮ ಆನೆಯೂ ಜೇನಿಗೆ ಅಂಜುತ್ತದೆ ಎಂದು ವಿವರಿಸಿದೆ.

ಮಾವ ಬೀಡಿ ಹಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ‘ಆನೆಯೇನೋ ಓಡ್ತದೆ ಕಣಪ್ಪ. ಜೇನು ತಿನ್ನೋಕೆ ಕರಡಿ ಬಂದ್ರೆ, ಅದಕ್ಕೆ ಯಾವ ಅರ್ಜಿ ಬರೀತೀಯ?’