ತಾತನ ಅಬ್ಸರ್ವೇಶನ್ ಬುಕ್

ಲ್ಯಾಬಿನಲ್ಲಿ ರೀಡಿಂಗ್ ಸರಿಯಾಗಿ ಬರದಿದ್ದರೆ ಏನು ಮಾಡ್ತೀವಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮೊದಲು ಗ್ರಾಫ್ ಎಳೀತೀವಿ, ಆಮೇಲೆ ಅದಕ್ಕೆ ಹೊಂದೋ ರೀಡಿಂಗ್ ಬರೀತೀವಿ. ಐದು ಸೆಮಿಸ್ಟರ್ ಹೀಗೇ ಕಳೆದವು, ಎಲ್ಲದಕ್ಕೂ ಫುಲ್ ಮಾರ್ಕ್ಸ್ ಬಂತು. ಇದರಲ್ಲೇನೋ ತಪ್ಪಿದೆ ಅಂತ ನನಗೆ ಅನ್ನಿಸಿದ್ದು ಕಾಲೇಜಿನಲ್ಲಿ ಅಲ್ಲ, ಸಿದ್ದಾಪುರದ ತಾತನ ಮನೆಯಲ್ಲಿ.

ಸಿದ್ದಾಪುರ ಅಂದ್ರೆ ಜಯನಗರ ಮೊದಲನೇ ಬ್ಲಾಕಿಗೂ ಲಾಲ್‌ಬಾಗಿಗೂ ನಡುವೆ, ರಸ್ತೆ ಬದಿಯಲ್ಲಿ ಸಾಲಾಗಿ ನರ್ಸರಿಗಳಿವೆಯಲ್ಲ, ಆ ಜಾಗ. ಎಚ್‌ಎಂಟಿಯಲ್ಲಿ ಟೂಲ್ ರೂಮ್ ಕೆಲಸ ಮಾಡಿ ರಿಟೈರ್ ಆದ ತಾತನಿಗೆ ಎರಡು ಹುಚ್ಚು. ಒಂದು, 1982ರ ಪ್ರೀಮಿಯರ್ ಪದ್ಮಿನಿ. ಇನ್ನೊಂದು, ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ. ಎರಡಕ್ಕೂ ಒಂದೊಂದು ನೋಟ್‌ಬುಕ್.

ಬೆಳಗ್ಗೆ ಆರಕ್ಕೆ ಸಿದ್ದಾಪುರ ಗೇಟಿನಿಂದ ಲಾಲ್‌ಬಾಗ್ ಒಳಗೆ ಹೋದರೆ ಎಂಟಕ್ಕೆ ವಾಪಸ್. ಕೆರೆ ದಡದಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳೋ ನೀರುಕಾಗೆಗಾಗಿ ಒಂದು ಗಂಟೆ ಕಾಯ್ತಾರೆ, ಕೊನೆಗೆ ಒಂದೇ ಒಂದು ಫೋಟೋ ತೆಗೀತಾರೆ. ವಯಸ್ಸಿನಲ್ಲಿ ಟಿ.ಎನ್.ಎ. ಪೆರುಮಾಳ್ ಅವರ ಹಕ್ಕಿ ಫೋಟೋಗಳನ್ನು ನೋಡಿ ಹತ್ತಿದ ಗೀಳಂತೆ. ಮನೆಗೆ ಬಂದ ಕೂಡಲೇ ನೋಟ್‌ಬುಕ್: ರೋಲ್ ನಂಬರ್, ಫ್ರೇಮ್ ನಂಬರ್, ಅಪರ್ಚರ್, ಶಟರ್, ಬಿಸಿಲು ಹೇಗಿತ್ತು. ಚೆನ್ನಾಗಿ ಬರದ ಫೋಟೋಗೂ ಸಾಲು ಇರುತ್ತೆ. ‘ಕೈ ನಡುಗಿತು.’ ‘ಆತುರಪಟ್ಟೆ.’

ಕಾರಿನ ನೋಟ್‌ಬುಕ್ಕೂ ಹಾಗೇ. ಎಷ್ಟು ಲೀಟರ್ ಪೆಟ್ರೋಲ್, ಎಷ್ಟು ಕಿಲೋಮೀಟರ್, ಕಾರ್ಬ್ಯುರೇಟರ್ ತೊಳೆದದ್ದು ಯಾವತ್ತು, ಜೆ.ಸಿ. ರಸ್ತೆಯಲ್ಲಿ ಯಾವ ಪಾರ್ಟಿಗೆ ಎಷ್ಟು ಕೊಟ್ಟೆ. ಮೈಲೇಜ್ ಬಿದ್ದ ತಿಂಗಳನ್ನು ಮುಚ್ಚಿಟ್ಟಿಲ್ಲ, ಕೆಂಪು ಇಂಕಿನಲ್ಲಿ ಬರೆದಿದ್ದಾರೆ.

2022ರಲ್ಲಿ ಕಾರಿನ ನೋಂದಣಿ ಮತ್ತೆ ಮಾಡಿಸಬೇಕಿತ್ತು. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ಅದೇ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಐವತ್ತು ವರ್ಷ ದಾಟಿದ್ರೆ ವಿಂಟೇಜ್ ಅಂತ ಗೌರವವಾದ್ರೂ ಸಿಗುತ್ತೆ, ಇದಕ್ಕೆ ಬರೀ ನಲವತ್ತು. ‘ಗುಜರಿಗೆ ಹಾಕೋಕೆ ಒಪ್ಪಿಸು. ಮೆಕ್ಯಾನಿಕಲ್ ಓದ್ತಿದ್ದೀಯ, ನೀನು ಹೇಳಿದ್ರೆ ಕೇಳ್ತಾರೆ’ ಅಂತ ಅಪ್ಪ ನನ್ನನ್ನೇ ಕಳಿಸಿದ್ರು.

ಹೋದಾಗ ತಾತ ಬಾನೆಟ್ ಎತ್ತಿ ನಾಲ್ಕೂ ಪ್ಲಗ್ ವೈರ್ ಬಿಚ್ಚಿದ್ದರು. ‘ಬಂದ್ಯಾ ಇಂಜಿನಿಯರ್? ಇವನ್ನ ವಾಪಸ್ ಹಾಕು.’ ಫೈರಿಂಗ್ ಆರ್ಡರ್ 1-3-4-2. ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ. ಆದರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಒಂದನೇ ನಂಬರ್ ಎಲ್ಲಿ, ರೋಟರ್ ಯಾವ ಕಡೆ ತಿರುಗುತ್ತೆ? ಗೊತ್ತಿಲ್ಲ. ಅಂದಾಜಿಗೆ ಹಾಕಿದೆ. ಇಂಜಿನ್ ಒಂದು ಸಲ ಕೆಮ್ಮಿ ‘ಢಬ್’ ಅಂತ ಹೊಡೀತು, ಪಕ್ಕದ ಮನೆ ನಾಯಿ ಓಡಿಹೋಯ್ತು. ತಾತ ಬಯ್ಯಲಿಲ್ಲ. ಕ್ಯಾಪ್ ತೆಗೆದು, ರೋಟರ್ ತಿರುಗಿಸಿ ತೋರಿಸಿದ್ರು. ಗುಜರಿ ವಿಷಯ ಎತ್ತೋಕೆ ನನಗೆ ಬಾಯೇ ಬರ್ಲಿಲ್ಲ. ಆ ವಾರವೇ ಅವರು ಹಣ ಕಟ್ಟಿ ಬಂದ್ರು.

ಆಮೇಲಿನ ಭಾನುವಾರಗಳಲ್ಲಿ ಸ್ಟೀರಿಂಗ್ ಪಕ್ಕದ ಗೇರ್ ಹಾಕೋದು, ಚೋಕ್ ಎಷ್ಟು ಎಳೀಬೇಕು, ಬಿಸಿಲಿದ್ದಾಗ ಮೀಟರ್ ಇಲ್ಲದೆ ಎಕ್ಸ್‌ಪೋಶರ್ ಹೇಗೆ ಲೆಕ್ಕ ಹಾಕಬೇಕು, ಎಲ್ಲ ಕಲಿತೆ. ನೂರು ಸ್ಪೀಡಿನ ಫಿಲ್ಮ್ ಆದ್ರೆ ಎಫ್ 16, 1/125. ಅಷ್ಟೇ.

ಹೋದ ವರ್ಷ ಡಾಕ್ಟರು ಗ್ಲಾಕೋಮಾ ಅಂದ್ರು. ಎದುರಿಗಿರೋದು ಕಾಣುತ್ತೆ, ಪಕ್ಕದಿಂದ ಬರೋದು ಕಾಣಲ್ಲ. ಒಂದಿನ ಗೇಟ್ ಹತ್ರ ಎಡಗಡೆಯಿಂದ ಬಂದ ಸ್ಕೂಟರ್ ಸ್ವಲ್ಪದರಲ್ಲಿ ತಪ್ಪಿತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರೇ ಹೇಳಿದ್ರು. ‘ಇನ್ನು ಓಡಿಸಲ್ಲ. ಚೆನ್ನಾಗಿ ನೋಡ್ಕೊಳ್ಳೋರಿಗೆ ಕೊಡೋಣ.’

ಕೊಡೋ ಹಿಂದಿನ ಭಾನುವಾರ ಒಂದು ರೌಂಡ್ ಹೊರಟ್ವಿ. ಸ್ಟೀರಿಂಗ್ ನಂದು, ಕ್ಯಾಮೆರಾ ತಾತಂದು. ಫಿಲ್ಮ್ ಹಾಕಿದ್ದು ನಾನು. ಅಶೋಕ ಪಿಲ್ಲರ್, ಸೌತ್ ಎಂಡ್, ಗಾಂಧಿ ಬಜಾರ್, ವಿದ್ಯಾರ್ಥಿ ಭವನದಲ್ಲಿ ದೋಸೆ, ಲಾಲ್‌ಬಾಗ್ ಪಶ್ಚಿಮ ಗೇಟು. ಎಲ್ಲ ಕಡೆ ಪದ್ಮಿನಿ ನಿಲ್ಲಿಸಿ ಫೋಟೋ. ‘ಇವತ್ತು ಮೊಬೈಲ್ ಜೇಬಲ್ಲೇ ಇರ್ಲಿ’ ಅಂದ್ರು. ಮನೆಗೆ ಬಂದಾಗ ಕೌಂಟರ್ 31 ತೋರಿಸ್ತಿತ್ತು.

ರಾತ್ರಿ ರಿವೈಂಡ್ ಮಾಡಿದೆ. ನಾಲ್ಕೈದು ಸುತ್ತಿಗೇ ಸಡಿಲ ಆಯ್ತು. ಮೂವತ್ತೊಂದು ಫ್ರೇಮ್ ಇಷ್ಟು ಬೇಗ ಮುಗಿಯಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು. ಆದ್ರೂ ಏನೂ ಹೇಳದೆ ರೋಲನ್ನು ಸ್ಟುಡಿಯೋಗೆ ಕೊಟ್ಟೆ. ಕಾರು ಹೋಯ್ತು. ನೆಗೆಟಿವ್ ಬಂತು. ಪೂರ್ತಿ ಖಾಲಿ.

‘ಸ್ಟುಡಿಯೋದವರು ಏನೋ ಹಾಳು ಮಾಡಿದ್ದಾರೆ ತಾತ’ ಅಂದೆ. ಬರೆದುಕೊಟ್ಟ ಹಾಗೆ ಬಾಯಿಂದ ಬಂತು. ಗ್ರಾಫಿಗೆ ಹೊಂದೋ ರೀಡಿಂಗ್.

ತಾತ ನೆಗೆಟಿವ್ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ರು. ‘ಅಂಚಿನ ನಂಬರ್ ನೋಡು, ಎಷ್ಟು ನೀಟಾಗಿದೆ. ಇದು ಫ್ಯಾಕ್ಟರಿಯಲ್ಲೇ ಅಚ್ಚಾಗಿರುತ್ತೆ. ಡೆವಲಪಿಂಗ್ ಕೆಟ್ಟಿದ್ರೆ ಇದೂ ಕೆಡಬೇಕಿತ್ತು. ಅವರ ತಪ್ಪಲ್ಲ. ಫಿಲ್ಮ್ ಮುಂದಕ್ಕೇ ಹೋಗಿಲ್ಲ.’ ನನ್ನ ಮುಖ ನೋಡಿದ್ರು. ‘ಲಿವರ್ ಎಳೆದಾಗ ರಿವೈಂಡ್ ನಾಬ್ ತಿರುಗ್ತಿತ್ತಾ?’

ನೋಡಿರಲಿಲ್ಲ. ರಿವೈಂಡ್ ಮಾಡುವಾಗಲೇ ಗೊತ್ತಾಗಿತ್ತು ಅನ್ನೋದನ್ನೂ ಹೇಳಿದೆ. ನಲವತ್ತು ವರ್ಷದ ಕಾರಿನ ಕೊನೇ ದಿನ, ಒಂದು ಫೋಟೋ ಕೂಡ ಇಲ್ಲ. ಬಯ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೋಟ್‌ಬುಕ್ ತೆಗೆದು, ಆ ರೋಲಿನ ಸಾಲಿನಲ್ಲಿ ಬರೆದರು: ‘ಫಿಲ್ಮ್ ಸ್ಪೂಲಿಗೆ ಸಿಕ್ಕಿಕೊಂಡಿಲ್ಲ. ನಾಬ್ ನೋಡಲಿಲ್ಲ, ಇಬ್ಬರೂ.’

ಆ ‘ಇಬ್ಬರೂ’ ನೋಡಿ ನನಗೆ ಅಳು ಬಂತು. ‘ನಾನು ಯಾವಾಗ್ಲೂ ನೋಡ್ತಿದ್ದೆ, ಅವತ್ತು ನೀನು ಹಾಕಿದ್ದೀಯಲ್ಲ ಅಂತ ಬಿಟ್ಟೆ’ ಅಂದ್ರು.

ಈ ಸೆಮಿಸ್ಟರ್ ಲ್ಯಾಬಿನಲ್ಲಿ ನನ್ನ ಒಂದು ಪಾಯಿಂಟ್ ಗ್ರಾಫಿನಿಂದ ಎಲ್ಲೋ ದೂರ ಬಿತ್ತು. ಹಾಗೇ ಬರೆದು, ಕೆಳಗೆ ಕಾರಣವನ್ನೂ ಬರೆದೆ. ಎರಡು ಮಾರ್ಕ್ಸ್ ಹೋಯ್ತು. ಭಾನುವಾರ ತಾತನಿಗೆ ಹೇಳಿದ್ರೆ ‘ಕೆಂಪು ಇಂಕಿನಲ್ಲಿ ಬರೆದ್ಯಾ?’ ಅಂತ ಕೇಳಿದ್ರು.

ಈಗ ಲಾಲ್‌ಬಾಗಿಗೆ ಇಬ್ಬರೂ ಹೋಗ್ತೀವಿ. ಅವರ ಎಡಗಡೆ ನಾನು ನಡೀತೀನಿ. ಫಿಲ್ಮ್ ಈಗಲೂ ನಾನೇ ಹಾಕೋದು. ಲಿವರ್ ಎಳೆದಾಗ ಇಬ್ಬರೂ ಬಗ್ಗಿ ನಾಬ್ ನೋಡ್ತೀವಿ.