ನಾಲ್ಕು ಜನರ ತೋಳು, ಆರು ಟನ್ ಭಾರ

ಸಕಲೇಶಪುರದಿಂದ ಮಂಗಳೂರಿನತ್ತ ಸಾಗುವ ಹೆದ್ದಾರಿಯಲ್ಲಿ ದೋಣಿಗಾಲ್ ದಾಟಿದರೆ ಹೆಗ್ಗದ್ದೆ ಸಿಗುತ್ತದೆ. ಕಾಫಿ ತೋಟ, ಮಂಜು, ಬಿಡದೆ ಸುರಿಯುವ ಮಳೆ. ಶಿರಾಡಿ ಘಾಟಿಯಲ್ಲಿ 2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆಯ ಕಡೆಗೆ ಕಾಂಕ್ರೀಟು ರಸ್ತೆ ಬಂತು. ಲಾರಿಗಳ ಸದ್ದು ಹಗಲೂ ರಾತ್ರಿ ನಿಲ್ಲುವುದಿಲ್ಲ. ಇದೇ ಬೆಟ್ಟಸಾಲಿನ ಮರೆಯಲ್ಲಿ ಇನ್ನೊಂದು ದಾರಿಯಿದೆ. ಅದೇ ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ನಡುವಣ ರೈಲು ಮಾರ್ಗ.

ಸುಮಾರು 55 ಕಿಲೋಮೀಟರು ಉದ್ದದ ಈ ಹಾದಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಮೀಟರಿಗೆ ಒಂದು ಮೀಟರಿನಷ್ಟು ಏರು. ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ಣಗೊಂಡಿತು. 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಿದ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ.

ಕಾಡಿನೊಳಗಿನ ಬಹುಭಾಗಕ್ಕೆ ರಸ್ತೆಯ ಸಂಪರ್ಕವಿಲ್ಲ. ಅಲ್ಲಿಗೆ ಯಾವುದೇ ಭಾರವಾದ ವಸ್ತು ಹೋಗಬೇಕಾದರೂ ಹಳಿಯ ಮೇಲೆಯೇ ಹೋಗಬೇಕು. ಇಂದು ಬಳಕೆಯಲ್ಲಿರುವ ಹಳಿಯೊಂದರ ತೂಕ ಮೀಟರಿಗೆ 60 ಕಿಲೋ. 13 ಮೀಟರ್ ತುಂಡೊಂದು 780 ಕಿಲೋ ತೂಗುತ್ತದೆ. ಇಂಥದನ್ನು ಎತ್ತುವುದು ಹೇಗೆ? ಡೀಸೆಲ್ ಯಂತ್ರಗಳು ಬರುವ ಮುನ್ನ ಲೋಕದ ನಾನಾ ರೈಲ್ವೆಗಳು ಈ ಪ್ರಶ್ನೆಗೆ ಕಂಡುಕೊಂಡಿದ್ದ ಉತ್ತರಗಳಲ್ಲೊಂದು ಕೈಕ್ರೇನು.

ನಾಲ್ಕು ಚಕ್ರದ ಗಾಡಿ, ಅದರ ಮೇಲೆ ತಿರುಗುವ ಕಂಬ, ಮುಂದಕ್ಕೆ ಚಾಚಿದ ಉಕ್ಕಿನ ತೋಳು, ಹಿಂದೆ ಸಮತೋಲಕ್ಕೆ ಕಬ್ಬಿಣದ ಗಟ್ಟಿ. ಎರಡು ಬದಿಗಳಲ್ಲಿ ಹಿಡಿಕೆಗಳು. ಕಲ್ಲಿದ್ದಲು ಬೇಡ, ಎಣ್ಣೆ ಬೇಡ. ನಾಲ್ಕು ಜನರ ತೋಳ್ಬಲವೇ ಇಂಧನ. ಹಳಿ, ತೊಲೆ, ಮರದ ದಿಮ್ಮಿ, ಯಂತ್ರದ ಭಾಗಗಳನ್ನು ಇಳಿಸುವುದು ಅದರ ನಿತ್ಯದ ದುಡಿಮೆ.

ಇದರ ಗುಟ್ಟು ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ. ಹಿಡಿಕೆಯ ತೋಳು 40 ಸೆಂಟಿಮೀಟರು, ಸರಪಳಿ ಸುತ್ತುವ ಉರುಳೆಯ ತ್ರಿಜ್ಯ 10 ಸೆಂಟಿಮೀಟರು ಎಂದುಕೊಳ್ಳಿ. ಅಲ್ಲಿಗೆ ಬಲ ನಾಲ್ಕು ಪಟ್ಟು. ನಡುವಿನ ಹಲ್ಲುಚಕ್ರಗಳಿಂದ ಇನ್ನು 20 ಪಟ್ಟು, ಕೊಕ್ಕೆಯ ರಾಟೆಯಿಂದ ಎರಡು ಪಟ್ಟು. ಒಟ್ಟು 160 ಪಟ್ಟು. ನಾಲ್ವರು ತಲಾ 15 ಕಿಲೋ ತೂಕದಷ್ಟು ಬಲ ಹಾಕಿದರೆ ಲೆಕ್ಕಕ್ಕೆ 9,600 ಕಿಲೋ. ಘರ್ಷಣೆಗೆ ಮೂರನೇ ಒಂದು ಭಾಗ ಕಳೆದರೂ ಆರು ಟನ್ ಮೇಲೇಳುತ್ತದೆ!

ಆದರೆ ಪ್ರಕೃತಿ ಯಾರಿಗೂ ಪುಕ್ಕಟೆ ಕೊಡುವುದಿಲ್ಲ. ಭಾರ ಒಂದು ಮೀಟರ್ ಏರಲು ಹಿಡಿಕೆ 160 ಮೀಟರ್ ಚಲಿಸಬೇಕು, ಅಂದರೆ ಸುಮಾರು 64 ಸುತ್ತು. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು.

ಅಪಾಯವೂ ಇತ್ತು. ಭಾರ ಕೆಳಕ್ಕೆ ಜಾರದಂತೆ ಹಲ್ಲುಚಕ್ರಕ್ಕೆ ಒಂದು ಕಬ್ಬಿಣದ ನಾಲಿಗೆ ಕಚ್ಚಿಕೊಂಡಿರುತ್ತದೆ. ಅದು ತಪ್ಪಿದರೆ ಹಿಡಿಕೆ ಹುಚ್ಚೆದ್ದು ಹಿಂದಕ್ಕೆ ತಿರುಗಿ ನಿಂತವರ ಕೈ ಮುರಿಯಬಲ್ಲದು. ತೋಳನ್ನು ಹೆಚ್ಚು ಚಾಚಿದಷ್ಟೂ ಎತ್ತಬಹುದಾದ ಭಾರ ಕಡಿಮೆ. ಲೆಕ್ಕ ಮೀರಿದರೆ ಕ್ರೇನೇ ಮಗುಚುತ್ತದೆ. ಆದ್ದರಿಂದಲೇ ಕೆಲಸಕ್ಕೆ ಮೊದಲು ಅದನ್ನು ಹಳಿಗೆ ಬಿಗಿಯುತ್ತಿದ್ದರು, ಚಕ್ರಕ್ಕೆ ಅಡ್ಡ ಕೊಡುತ್ತಿದ್ದರು.

ಎಂಜಿನ್ನು ಎತ್ತುವ ಶಕ್ತಿ ಮಾತ್ರ ಇದಕ್ಕಿರಲಿಲ್ಲ. ಮೀಟರ್ ಗೇಜಿನ ವೈಡಿಎಂ-4 ಎಂಜಿನ್ನೇ 72 ಟನ್. ಆ ಕೆಲಸಕ್ಕೆ ಉಗಿ ಕ್ರೇನುಗಳು, ಬಳಿಕ ಬಿಹಾರದ ಜಮಾಲ್‌ಪುರ ಕಾರ್ಯಾಗಾರದಲ್ಲಿ ತಯಾರಾಗುವ 140 ಟನ್ ಸಾಮರ್ಥ್ಯದ ಡೀಸೆಲ್ ಕ್ರೇನುಗಳು ಬಂದವು. ಕೈಕ್ರೇನು ಮೂಲೆ ಸೇರಿತು.

ಹಾಗೆಂದು ಕೈಗಳ ಕೆಲಸ ಮುಗಿಯಲಿಲ್ಲ. 2024ರ ಜುಲೈ 26ರಂದು ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿಯಿತು. ಸುಮಾರು ಎರಡು ವಾರ ಪ್ರಯಾಣಿಕರ ರೈಲುಗಳಿಲ್ಲ. ಯಂತ್ರಗಳ ಜೊತೆಗೆ ನೂರಾರು ಕಾರ್ಮಿಕರು ಸುರಿವ ಮಳೆಯಲ್ಲಿ ಮರಳಿನ ಮೂಟೆ ಜೋಡಿಸಿ, ತಂತಿಬಲೆಗೆ ಕಲ್ಲು ತುಂಬಿ ಗೋಡೆ ಕಟ್ಟಿದರು.

ಹಳಿಯ ಮೇಲೆ ನಡೆಯುವುದು ನಿಷಿದ್ಧ, ಅಪಾಯಕರ ಕೂಡ. ಮಕ್ಕಳಿಗೆ ಈ ಘಾಟಿ ತೋರಿಸಬೇಕೆನ್ನುವ ತಂದೆತಾಯಂದಿರು ಹಗಲು ರೈಲಿನಲ್ಲಿ ಕರೆದೊಯ್ಯಲಿ. ಸುರಂಗಗಳನ್ನು ಎಣಿಸುವ ನಡುವೆ, ಹಳಿಯ ಪಕ್ಕಕ್ಕೆ ಸರಿದು ಸುತ್ತಿಗೆ ಹಿಡಿದು ನಿಂತ ಕಾರ್ಮಿಕನ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ.