ಸುಟ್ಟ ಫ್ಯೂಸು

ಹಳೆಯ ವಸ್ತುವೊಂದು ಕೆಟ್ಟಾಗ ಅದರ ರೋಗವನ್ನು ಹುಡುಕುವ ಶ್ರಮವನ್ನು ನಾವು ವಹಿಸುವುದು ಕಡಮೆ. “ವಯಸ್ಸಾಯಿತು” ಎಂಬ ಒಂದೇ ಮಾತಿನಲ್ಲಿ ವಿಚಾರಣೆಯನ್ನು ಮುಗಿಸಿಬಿಡುತ್ತೇವೆ.

ನಮ್ಮ ಮೋಟಾರು ಗಾಡಿಗೆ ಇಪ್ಪತ್ತು ವರ್ಷ ತುಂಬಿದೆ. ತಂದೆಯವರು ನಿವೃತ್ತರಾದಾಗ ಕೊಂಡದ್ದು. ಈಗ ಅವರಿಲ್ಲ, ಗಾಡಿಯಿದೆ. ಹೋದ ಆಷಾಢದಲ್ಲಿ ಅದು ನಡುದಾರಿಯಲ್ಲಿ ನಿಂತುಬಿಟ್ಟಿತು. ಕೀಲಿ ತಿರುಗಿಸಿದರೆ ಎಂಜಿನ್ನು ಸುತ್ತುವುದು, ಆದರೆ ಹೊತ್ತಿಕೊಳ್ಳಲೊಲ್ಲದು.

ಇಂಥ ಗಾಡಿಗಳಲ್ಲಿ ಎಂಜಿನ್ನಿನ ಬಿಸಿ, ಗಾಳಿ, ವೇಗಗಳನ್ನರಿತು ಪೆಟ್ರೋಲನ್ನು ಅಳೆದುಕೊಡುವ ಪುಟ್ಟ ಕಂಪ್ಯೂಟರೊಂದಿರುತ್ತದೆ. ಕೀಲಿ ತಿರುಗಿಸಿದೊಡನೆ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿ, ಎಂಜಿನ್ನು ನಡೆದ ಮೇಲೆ ಆರಬೇಕು. ಅಂದು ಅದು ಹೊತ್ತಲೇ ಇಲ್ಲ. “ಮಿದುಳೇ ಹೋಗಿದೆ ಸ್ವಾಮಿ, ಗುಜರಿಗೆ ಕೊಟ್ಟುಬಿಡಿ” ಎಂದರು ಗ್ಯಾರೇಜಿನವರು. ಇದನ್ನು ಕೇಳಿದ ತಾಯಿಯವರು ಏನೂ ನುಡಿಯಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ಮಿದುಳು ಸತ್ತರೂ ದೀಪ ಹೊತ್ತದು. ಮಿದುಳಿಗೆ ಅನ್ನ ಮುಟ್ಟದಿದ್ದರೂ ಹೊತ್ತದು. ಫ್ಯೂಸಿನ ಪೆಟ್ಟಿಗೆಯನ್ನು ತೆರೆದು ನೋಡಿದೆ. 15 ಆಂಪಿಯರಿನ ನೀಲಿ ಫ್ಯೂಸು ಸುಟ್ಟಿತ್ತು. ಹೊಸದನ್ನು ಹಾಕಿದೆ, ಗಾಡಿ ಹೊರಟಿತು. ಒಂದು ಮೈಲಿ ಹೋಗುವಷ್ಟರಲ್ಲಿ ಅದೂ ಸುಟ್ಟಿತು. 30 ಆಂಪಿಯರಿನ ಹಸಿರು ಫ್ಯೂಸನ್ನು ಹಾಕಿದರೆ ತಾಳೀತೆಂದು ಕೈಗೆ ತೆಗೆದುಕೊಂಡೆ.

ಪೇಟೆಯ ವೃದ್ಧ ವೈರಿಂಗ್ ಕೆಲಸದವರು ನನ್ನ ಕೈ ತಡೆದರು. “ಇದು ಸುಡದಿದ್ದರೆ ತಂತಿ ಸುಡುತ್ತದೆ. ತಂತಿ ಸುಟ್ಟರೆ ಗಾಡಿಯೇ ಸುಡುತ್ತದೆ. ಸುಡುವುದಕ್ಕೆಂದೇ ಇದನ್ನು ಇಟ್ಟಿರುವುದು, ಸ್ವಾಮಿ.”

ಅವರು ಫ್ಯೂಸಿನ ಸ್ಥಳದಲ್ಲಿ ಒಂದು ಬಲ್ಬನ್ನು ಸೇರಿಸಿದರು. ಅದು ಪ್ರಖರವಾಗಿ ಉರಿಯಿತು. ಅನಂತರ ತಂತಿಗಳ ಕಟ್ಟುಗಳನ್ನು ಒಂದೊಂದಾಗಿ ಅಲುಗಿಸುತ್ತ ಹೋದರು. ಗಾಡಿಯ ಕೆಳಗಡೆಯ ಒಂದು ತಂತಿಯನ್ನು ಎಳೆದೊಡನೆ ಬಲ್ಬು ಮಂಕಾಯಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರಿನ ತಂತಿಯದು. ಕೊಕ್ಕೆಯಿಂದ ಕಳಚಿ, ಕಾದ ಸೈಲೆನ್ಸರಿನ ಕೊಳವಿಗೆ ತಗುಲಿ, ಮೇಲಣ ಹೊದಿಕೆ ಕರಗಿಹೋಗಿತ್ತು. ನಮ್ಮ ಗಾಡಿಯಲ್ಲಿ ಅದಕ್ಕೂ ಕಂಪ್ಯೂಟರಿಗೂ ಒಂದೇ ಫ್ಯೂಸು. ಮಿದುಳು ನಿರ್ದೋಷಿ, ಫ್ಯೂಸಂತೂ ತನ್ನ ಧರ್ಮವನ್ನು ನಡೆಸಿತ್ತು.

ತಂದೆಯವರು ಊಟದ ನಡುವೆ ಸಿಡುಕಿ ಎದ್ದುಹೋಗುತ್ತಿದ್ದ ದಿನಗಳು ನನಗೆ ನೆನಪಾದುವು. ನಾವು ಅವರ ಸ್ವಭಾವವನ್ನೇ ದೂರುತ್ತಿದ್ದೆವು. ತಂತಿ ಎಲ್ಲಿ ಬೇಯುತ್ತಿದೆಯೆಂದು ಹುಡುಕಿದವರು ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಮರುದಿನ ಸಂಜೆ ತಾಯಿಯವರನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟೆ. ಹಳದಿ ದೀಪ ಹೊತ್ತಿತು, ಆರಿತು. “ಸದ್ಯ” ಎಂದರು ತಾಯಿ.